ಎಮಿಲ್ ಹುಡಾಕನ ತೋಟಾಗಳೂ ಪಾಲೀನಳ ಸುತ್ತಿಗೆಯೂ

ಸೂರ್ಯ ಬೇಕಾದರೆ ಒಂದು ದಿನ ರಜೆ ಹಾಕಿಯಾನು, ಎಮಿಲ್ ಹುಡಾಕ್ ತುಂಬಿದ ತೋಟಾ ಮಾತ್ರ ಸಿಡಿಯದೆ ಇರಲಾರದು. ಇದು ಊರವರ ಮಾತಲ್ಲ, ಎಮಿಲನದೇ. ಡೂಲಿನ್ಸ್ ಪ್ಯಾಚ್ ಎಂಬ ನಮ್ಮ ಗಣಿಯೂರಿನ ಬಂದೂಕು ಕ್ಲಬ್ಬಿನಲ್ಲಿ ಬಿಯರಿನ ಮೊದಲ ಗುಟುಕಿಗೆ ಅವನು ಇಷ್ಟು ಹೇಳುತ್ತಿದ್ದ. ಎರಡನೆಯ ಗುಟುಕಿಗೆ ಮಾತು ಬಾಲ ಬೆಳೆಸಿಕೊಳ್ಳುತ್ತಿತ್ತು.

"ನಾನು ತುಂಬಿದ ತೋಟಾನ ಹೊಳೇಲಿ ಒಂದು ಚಳಿಗಾಲ ನೆನೆ ಹಾಕು. ಆಮೇಲೆ ಹಂದಿಗೆ ತಿನ್ಸು. ಅದು ಈಚೆ ಬಂದ ಮೇಲೆ ಒರೆಸಿ ಈಡು ಹೊಡಿ. ಸಿಡೀದಿದ್ರೆ ನನ್ನ ಹೆಸರೇ ಬದಲಾಯಿಸ್ತೀನಿ."

"ಏನಂತ ಇಟ್ಕೋತೀಯ?" ಎಂದು ಕೇಳುವವನು ಚೆಟ್ ವರ್ಗೊ. ಒಂದನೇ ಕ್ಲಾಸಿನಿಂದ ಎಮಿಲನ ಪಕ್ಕದಲ್ಲೇ ಕೂತು ಬೆಳೆದವನು.

"ಚೆಟ್ ಅಂತ. ಅದಕ್ಕಿಂತ ದೊಡ್ಡ ಶಿಕ್ಷೆ ಎಲ್ಲಿದೆ?"

ಈ ಜಂಬವನ್ನು ಪರೀಕ್ಷಿಸಿ ನೋಡಿದವರು ಯಾರೂ ಇರಲಿಲ್ಲ. ಮನೆಯಲ್ಲೇ ತೋಟಾ ತುಂಬುವವರ ಕುಲಕ್ಕೊಂದು ಮಡಿ ಇದೆ: ಇನ್ನೊಬ್ಬ ತುಂಬಿದ್ದನ್ನು ಹೊಡೆಯಬಾರದು. ನಮ್ಮೂರಿನ ಗಂಡಸರು ಹಿಮ ತಳ್ಳುವ ಯಂತ್ರವನ್ನು ಎರವಲು ಕೊಟ್ಟಾರು, ಪೋಲ್ಕಾ ಕುಣಿಯಲು ಹೆಂಡತಿಯನ್ನೂ ಕಳಿಸಿಯಾರು, ತೋಟಾ ಕೊಡರು. ಕೊಟ್ಟರೂ ಯಾರೂ ಮುಟ್ಟರು. ಹೊಡೆದು ಬಿಸಾಕಿದ ಹಿತ್ತಾಳೆ ಚಿಪ್ಪನ್ನು ಆರಿಸಿ ತಂದು, ತೊಳೆದು, ಕಿಡಿ ಕೊಡುವ ಹೊಸ ಕೇಪು ಕೂಡಿಸಿ, ಮದ್ದು ಅಳೆದು ಸುರಿದು, ಮೇಲೆ ಸೀಸದ ಗುಂಡು ಒತ್ತುವ ಕೆಲಸ ಅದು. ಮದ್ದು ಎರಡು ಸಲ ಬಿದ್ದರೆ ರಿವಾಲ್ವರು ಕೈಯಲ್ಲೇ ಸಿಡಿಯುತ್ತದೆ. ಬೀಳದೇ ಹೋದರೆ ಇನ್ನೂ ಮೋಸ. ಕೇಪಿನ ಅಲ್ಪ ಶಕ್ತಿಗೆ ಗುಂಡು ಅರ್ಧ ದಾರಿ ಹೋಗಿ ನಳಿಗೆಯಲ್ಲೇ ಕೂತುಬಿಡುತ್ತದೆ. ಅದು ತಿಳಿಯದೆ ಹಿಂದಿನಿಂದ ಇನ್ನೊಂದು ಹೊಡೆದವನು ಮುಂದೆ ಚಮಚವನ್ನು ಎಡಗೈಯಲ್ಲಿ ಹಿಡಿಯುವುದನ್ನು ಕಲಿಯಬೇಕು.

ಆದ್ದರಿಂದಲೇ, ತುಂಬುವವನು ಸತ್ತರೆ ಅವನ ತೋಟಾಗಳೂ ಅವನೊಂದಿಗೆ ಸಾಯಬೇಕು. ಮಣ್ಣಾದ ಮೇಲಿನ ಶನಿವಾರ ಕ್ಲಬ್ಬಿನವರೆಲ್ಲ ಅವನ ಮನೆಗೆ ಸುತ್ತಿಗೆ ಹಿಡಿದು ಹೋಗುತ್ತಾರೆ. ಅದು ಪ್ಲಾಸ್ಟಿಕ್ಕಿನ ಸುತ್ತಿಗೆ, ತಲೆ ಟೊಳ್ಳು. ತಲೆಯೊಳಗೆ ತೋಟಾ ಸಿಕ್ಕಿಸಿ ಮರದ ತುಂಡಿನ ಮೇಲೆ ಕುಟ್ಟಿದರೆ ಗುಂಡೂ ಮದ್ದೂ ಕಳಚಿ ಬೀಳುತ್ತವೆ. ಮದ್ದನ್ನು ವಿಧವೆಯ ಟೊಮೇಟೊ ಪಾತಿಗೆ ಚೆಲ್ಲುತ್ತಾರೆ. ಆಮೇಲೆ ಕಿಲ್ಬಾಸಿ ಸಾಸೇಜು ತಿಂದು, ಸತ್ತವನನ್ನು ಬದುಕಿದ್ದಾಗ ಬೈದದ್ದಕ್ಕಿಂತ ಸ್ವಲ್ಪ ಕಡಿಮೆ ಬೈದು, ಮನೆಗೆ ಹೋಗುತ್ತಾರೆ. ಇಂಥ ಎಷ್ಟೋ ಶನಿವಾರಗಳಿಗೆ ಎಮಿಲನೇ ಯಜಮಾನ. ಮೊದಲ ಏಟು ಅವನದೇ.

ಎಮಿಲನ ತೋಟಾ ಹೊಡೆಯುತ್ತಿದ್ದವಳು ಪ್ರಪಂಚದಲ್ಲಿ ಒಬ್ಬಳೇ, ಅವನ ಹೆಂಡತಿ ಪಾಲೀನ್. ಪ್ರೀತಿಸುವ ಕಾಲದಲ್ಲಿ ಅವನು ಅವಳಿಗೆ ಕೊಟ್ಟ ಮೊದಲ ಉಡುಗೊರೆಯೇ ಒಂದು ಡಬ್ಬ ತೋಟಾ. ಅವಳು ಹಿಂದುಮುಂದು ನೋಡದೆ ಅಷ್ಟನ್ನೂ ಹೊಡೆದು ಮುಗಿಸಿದಾಗಲೇ ಮದುವೆ ಆದಂತಾಯಿತು, ಪಾದ್ರಿಗಳು ಮಾಡಿದ್ದು ಬರೀ ಶಾಸ್ತ್ರ. ಗುರಿಯಲ್ಲಿ ಅವಳು ಗಂಡನನ್ನು ಮೀರಿದವಳು. ನೊಣದ ಎಡಗಣ್ಣಿಗೆ ಹೊಡೆದು ಬಲಗಣ್ಣಲ್ಲಿ ಅದು ಅಳುವುದನ್ನು ನೋಡಬಲ್ಲಳೆಂದು ಚೆಟ್ ಹೇಳುತ್ತಿದ್ದ.

ಎಮಿಲನಿಗೆ ಮೊದಲು ಹೋದದ್ದು ಹೆಸರುಗಳು. ಆಮೇಲೆ ದಾರಿಗಳು. ಒಂದು ದಿನ ಬ್ರೆಡ್ಡು ತರಲು ಕಾರಿನಲ್ಲಿ ಹೋದವನು, ತಾನು ಲೇತ್ ನಡೆಸುತ್ತಿದ್ದ ಕಾರ್ಖಾನೆಯ ಮುಂದೆ ಊಟದ ಡಬ್ಬಿಗೆಂದು ಬ್ರೆಡ್ಡು ಹಿಡಿದು ನಿಂತಿದ್ದ. ಕಾರ್ಖಾನೆಯನ್ನು ಕೆಡವಿ ಅಲ್ಲಿ ಹುಲ್ಲು ಬೆಳೆದು ಎಷ್ಟೋ ಕಾಲವಾಗಿತ್ತು. ಡಾಕ್ಟರು ಕಾರಿನ ಕೀಲಿ ಕಿತ್ತುಕೊಂಡರು. ಏಣಿಯನ್ನು ಪಾಲೀನಳೇ ಪಕ್ಕದ ಮನೆಗೆ ಸಾಗಿಸಿದಳು. ಒಲೆಯ ಗುಂಡಿಗಳನ್ನು ಕಿತ್ತು ಏಪ್ರನ್ನಿನ ಜೇಬಲ್ಲಿ ಇಟ್ಟುಕೊಂಡು ಓಡಾಡಿದಳು. ಉಳಿದದ್ದು ನೆಲಮಾಳಿಗೆಯ ಮೇಜು, ಅದಕ್ಕೆ ಬೋಲ್ಟು ಹಾಕಿ ಬಿಗಿದ ತೋಟಾ ಒತ್ತುವ ಪ್ರೆಸ್ಸು. ಅಲ್ಲಿ ಕೂತರೆ ಎಮಿಲನ ಕೈ ಮೊದಲಿನಂತೆಯೇ ಆಡುತ್ತಿತ್ತು. ಬಲಗೈ ಹಿಡಿಕೆ ಎಳೆಯುತ್ತಿತ್ತು, ಎಡಗೈ ಚಿಪ್ಪು ಇಡುತ್ತಿತ್ತು. ಆ ಮೇಜನ್ನು ಮರೆವು ಇನ್ನೂ ಮುಟ್ಟಿಲ್ಲವೆಂದು ಪಾಲೀನ್ ನಂಬಿದ್ದಳು.

ಹಾಗೆ ನಂಬಿಕೊಂಡೇ ಒಂದು ವಾರದ ದಿನ, ಯಾರೂ ಇಲ್ಲದ ಕ್ಲಬ್ಬಿನಲ್ಲಿ ಅಭ್ಯಾಸಕ್ಕೆ ನಿಂತಿದ್ದಳು. ಢಂ, ಢಂ ಎಂದು ಹೊಡೆಯುತ್ತಿದ್ದ ರಿವಾಲ್ವರು ನಡುವೆ ಟುಸ್ ಎಂದಿತು. ಮುದುಕ ಚರ್ಚಿನಲ್ಲಿ ಕೆಮ್ಮು ತಡೆದ ಹಾಗೆ. ಕೈ ಎಗರಲಿಲ್ಲ. ಅವಳ ಬೆರಳು ಅಲ್ಲೇ ಕಲ್ಲಾಯಿತು. ಹಿತ್ತಾಳೆಯ ಸರಳು ತೂರಿ ಕುಟ್ಟಿದಾಗ ನಳಿಗೆಯಿಂದ ಸೀಸದ ಗುಂಡು ಈಚೆ ಬಂತು, ಬೆರಳಿನ ಗೆಣ್ಣಿನಷ್ಟು. ಮನೆಗೆ ಹೋಗಿ ಡಬ್ಬದಲ್ಲಿ ಉಳಿದವನ್ನು ಸುತ್ತಿಗೆಯಲ್ಲಿ ಬಿಚ್ಚಿ ನೋಡಿದಳು. ಕೆಲವು ಖಾಲಿ. ಒಂದರಲ್ಲಿ ಎರಡು ಪಾಲು ಮದ್ದು ಕತ್ತಿನ ತನಕ ತುಂಬಿಕೊಂಡು ಅವಳ ಸರದಿಗಾಗಿ ಕಾಯುತ್ತ ಕೂತಿತ್ತು.

ಹೇಳಿಬಿಡಬೇಕೆಂದೇ ಮೆಟ್ಟಿಲಿಳಿದಳು. ಎಮಿಲ್ ಹಿಡಿಕೆ ಎಳೆಯುತ್ತ ಕೂತಿದ್ದ. ತಿರುಗಿ ನೋಡಿ ನಕ್ಕ.

"ಪಾಲಿ, ಕಾರು ಹೋಯ್ತು. ಏಣಿ ಹೋಯ್ತು. ನಿಮ್ಮಕ್ಕನ ಹೆಸರೂ ಹೋಯ್ತು, ಅದು ಹೋದ್ರೆ ಹೋಗ್ಲಿ ಬಿಡು. ಆದ್ರೆ ಇಲ್ಲಿ ಕೂತಾಗ ಮಾತ್ರ ನಾನು ನಾನೇ ಅನ್ಸುತ್ತೆ ಕಣೇ. ನೀನೇನು ಬಂದೆ?"

"ಏನಿಲ್ಲ," ಎಂದಳು ಪಾಲೀನ್. "ಸಾಯಂಕಾಲಕ್ಕೆ ಏನು ಮಾಡ್ಲಿ ಅಂತ ಕೇಳೋಕೆ ಬಂದೆ."

"ರೆಜೆನ್ ಮಾಡು. ಎಷ್ಟು ದಿನ ಆಯ್ತು ತಿಂದು!"

ಹಂದಿಯ ಮಾಂಸವನ್ನು ಸುತ್ತಿಗೆಯಲ್ಲಿ ಎಲೆಯಷ್ಟು ತೆಳ್ಳಗೆ ಬಡಿದು, ಮೊಟ್ಟೆಯಲ್ಲಿ ಅದ್ದಿ, ಬ್ರೆಡ್ಡಿನ ಪುಡಿಯಲ್ಲಿ ಹೊರಳಿಸಿ ಕರಿದರೆ ರೆಜೆನ್. ಬಡಿಯುವುದು ಎಂದ ಕೂಡಲೇ ಪಾಲೀನಳಿಗೆ ದಾರಿ ಕಂಡಿತು. ಅಂದಿನಿಂದ ಎಮಿಲ್ ಬೆಳಿಗ್ಗೆ ತುಂಬುವುದು, ಮಧ್ಯಾಹ್ನ ಅವನು ಆರಾಮ ಕುರ್ಚಿಯಲ್ಲಿ ಒರಗಿದಾಗ ಅವಳು ಅಡುಗೆಮನೆಯ ಬಾಗಿಲು ಹಾಕಿಕೊಂಡು ಅಷ್ಟನ್ನೂ ಕುಟ್ಟಿ ಬಿಚ್ಚುವುದು.

"ಪಾಲಿ, ಏನದು ಶಬ್ದ?"

"ಮಾಂಸ ಬಡೀತಿದೀನಿ, ಮಲಕ್ಕೋ!"

"ಬಡಿ, ಬಡಿ. ಬದುಕಿದ್ದಾಗ ಹಂದಿ ಇಷ್ಟು ಏಟು ತಿಂದಿರಲ್ಲ."

ಬಿಚ್ಚಿದ ಗುಂಡನ್ನೂ ಚಿಪ್ಪನ್ನೂ ಅವನು ಏಳುವ ಮೊದಲೇ ಅವನ ಡಬ್ಬಿಗಳಿಗೆ ವಾಪಸು ಸುರಿಯುತ್ತಿದ್ದಳು. ಮರುದಿನ ಬೆಳಿಗ್ಗೆ ಅವನು ಅವನ್ನೇ ಮತ್ತೆ ತುಂಬುತ್ತಿದ್ದ. ಮದ್ದು ಟೊಮೇಟೊ ಪಾತಿಗೆ ಹೋಗುತ್ತಿತ್ತು. ಆ ಬೇಸಿಗೆ ಅವಳ ಟೊಮೇಟೊಗಳು ಎಷ್ಟು ದಪ್ಪವಾದವೆಂದರೆ ಒಂದನ್ನು ಚರ್ಚಿಗೆ ಕೊಟ್ಟಿದ್ದಕ್ಕೆ ಪಾದ್ರಿಗಳು ಬಾಗಿಲಿನ ಒಂದು ರೆಕ್ಕೆ ತೆಗೆಸಬೇಕಾಯಿತು. ಹೀಗೆ ಹೇಳಿ ನಗಬಹುದು. ಪಾಲೀನ್ ನಗಲಿಲ್ಲ. ಸುತ್ತಿಗೆ ಎತ್ತಿ ಎತ್ತಿ ಅವಳ ಬಲ ತೋಳು ಸಂಜೆಯ ಹೊತ್ತಿಗೆ ಭುಜದಿಂದ ಕಳಚಿ ಬಿದ್ದಂತಿರುತ್ತಿತ್ತು. ನಿಜವಾದ ಮಾಂಸವನ್ನು ಬಡಿಯುವ ಶಕ್ತಿ ಉಳಿಯದೆ, ಅಂಗಡಿಯಿಂದ ಬಂದಂತೆಯೇ ಬಾಣಲೆಗೆ ಹಾಕುತ್ತಿದ್ದಳು.

ಭಾನುವಾರದ ಪಂದ್ಯಕ್ಕೆ ಅಂಗಡಿಯ ತೋಟಾ ತಂದು ಗಂಡನ ಹಳೆಯ ಡಬ್ಬಗಳಲ್ಲಿ ಜೋಡಿಸುತ್ತಿದ್ದಳು. ಅವೂ ಸೀಸದ ಮೂತಿಯವೇ. ಎಮಿಲನ ಮಂಜುಗಣ್ಣಿಗೆ ವ್ಯತ್ಯಾಸ ತಿಳಿಯಲಾರದು. ತನಗೆ ಗುರುತಿರಲೆಂದು, ಬ್ರೊಕೊಲಿ ಕಟ್ಟಿಗೆ ಹಾಕಿ ಬರುತ್ತದಲ್ಲ ನೀಲಿ ರಬ್ಬರ್ ಬ್ಯಾಂಡು, ಅದನ್ನು ಡಬ್ಬಕ್ಕೆ ಸುತ್ತಿಡುತ್ತಿದ್ದಳು. ನೀಲಿ ಇದ್ದರೆ ಅಂಗಡಿಯದು. ಇಲ್ಲದಿದ್ದರೆ ಸಾವು.

ಅವಳು ಹೊಡೆಯುವಾಗ ಎಮಿಲ್ ಹಿಂದಿನ ಬೆಂಚಿನಲ್ಲಿ ಕೂತು ತೊಡೆ ತಟ್ಟುತ್ತಿದ್ದ. "ನೋಡಿದ್ಯಾ ಚೆಟ್? ಒಂದಾದ್ರೂ ಕೆಮ್ಮಿತಾ?"

ಒಂದು ಬೆಳಿಗ್ಗೆ ಅವನು ಅವಳನ್ನು "ಅಮ್ಮಾ" ಎಂದು ಕರೆದು, ಶಾಲೆಗೆ ಹೊತ್ತಾಯಿತೆಂದ. ಕಾಫಿ ಕುಡಿದು, ಸೀದಾ ಮೆಟ್ಟಿಲಿಳಿದು ತುಂಬಲು ಕೂತ. ಪಾಲೀನ್ ಚರ್ಚಿಗೆ ಹೋಗಿ ಮೇಣದಬತ್ತಿ ಹಚ್ಚಿದಳು. ಏನು ಬೇಡಿಕೊಳ್ಳುವುದು? ಗಂಡನಿಗೆ ನೆನಪು ಕೊಡು ಎಂದು ಬೇಡುವ ಕಾಲ ಮುಗಿದಿತ್ತು. ಹೆಂಡತಿಯ ಮುಖವನ್ನೇ ಕಿತ್ತುಕೊಂಡವನು ಆ ಒಂದು ಕೆಲಸವನ್ನು ಯಾಕಪ್ಪ ಬಿಟ್ಟೆ, ಅದನ್ನೂ ತೆಗೆದುಕೋ ಎಂದು ಬೇಡಿದಳು. ಬೇಡಿದ ಮರುಗಳಿಗೆಯೇ, ತೆಗೆದುಕೊಂಡರೆ ಉಳಿಯುವುದೇನು ಎಂದು ಹೆದರಿ, ಉರಿಯುತ್ತಿದ್ದ ಬತ್ತಿಯನ್ನು ತಾನೇ ಊದಿ ಆರಿಸಿ ಬಂದಳು.

ವರ್ಷದ ಕೊನೆಯ ಪಂದ್ಯ ಅಕ್ಟೋಬರಿನಲ್ಲಿ. ಗೆದ್ದವರಿಗೆ ಇಡೀ ಹಂದಿತೊಡೆ. ಅಂದು ಚೆಟ್ ತನ್ನ ಪಿಕಪ್ಪು ತಂದು, ಹೇಳಿದ್ದಕ್ಕಿಂತ ಎಷ್ಟೋ ಮೊದಲೇ ಬಾಗಿಲಲ್ಲಿ ಹಾರನ್ ಒತ್ತಿದ. ಬೆಳಿಗ್ಗೆ ಎಮಿಲ್ ತುಂಬಿದ್ದನ್ನು ಕುಟ್ಟಲು ಪಾಲೀನಳಿಗೆ ಸಮಯ ಸಿಗಲಿಲ್ಲ. ಬಂದ ಮೇಲೆ ನೋಡಿಕೊಂಡರಾಯಿತು ಎಂದು ನೀಲಿ ಬ್ಯಾಂಡಿನ ಡಬ್ಬವನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು. ಎಮಿಲ್ ಕೋಟಿನ ಜೇಬಿಗೆ ಏನು ಹಾಕಿಕೊಂಡನೆಂದು ನೋಡಲಿಲ್ಲ.

ಕ್ಲಬ್ಬಿನಲ್ಲಿ ಬಿಯರು ಬಂತು, ಮೊದಲ ಗುಟುಕಾಯಿತು, ಎರಡನೆಯದಾಯಿತು. ಎಮಿಲ್ ಸೂರ್ಯನಿಗೆ ರಜೆ ಕೊಟ್ಟ, ಹಂದಿಗೆ ತೋಟಾ ತಿನ್ನಿಸಿದ. ಆಗ ಚೆಟ್ ಎದ್ದು ನಿಂತು ಕೈ ಚಾಚಿದ.

"ಕೇಳಿ ಕೇಳಿ ನನ್ನ ಕಿವಿ ಕೊಳೆತು ಹೋಯ್ತು. ಕೊಡೋ ಇಲ್ಲಿ. ಇವತ್ತು ನಿನ್ನ ತೋಟಾ ನಾನು ಹೊಡೀತೀನಿ."

"ಚೆಟ್, ಅದು ಮಾಡಬಾರದು ಕಣೋ," ಎಂದರು ಯಾರೋ.

"ನಂಗೂ ಗೊತ್ತು ಮಾರಾಯ. ಕೈ ಹೋದ್ರೆ ಹೋಗ್ಲಿ, ಪಾತ್ರೆ ತೊಳೆಯೋದು ತಪ್ಪುತ್ತೆ."

ಹಿಂದಿನ ವಾರ ಚರ್ಚಿನ ಮುಂದೆ ಎಮಿಲ್ ಚೆಟ್‌ನ ಕೈ ಕುಲುಕಿ, 'ತಾವು ಯಾವೂರಿನವರು?' ಎಂದು ಕೇಳಿದ್ದ. ಅದು ಪಾಲೀನಳಿಗೆ ಗೊತ್ತಿತ್ತು. ಗೆಳೆಯನಿಗೆ ತಾನು ಕೊಡಬಹುದಾದ ಕೊನೆಯ ಮರ್ಯಾದೆ ಇದೆಂದು ಚೆಟ್ ಲೆಕ್ಕ ಹಾಕಿದ್ದಾನೆಂದು ಅವಳಿಗೆ ತಕ್ಷಣ ಅರ್ಥವಾಯಿತು. ಎಮಿಲನ ಮುಖ ಮದುಮಗನ ಮುಖವಾಯಿತು. ಕೋಟಿನ ಜೇಬಿನಿಂದ ಡಬ್ಬ ತೆಗೆದು ಚೆಟ್‌ನ ಅಂಗೈಯಲ್ಲಿಟ್ಟ.

ನೀಲಿ ಬ್ಯಾಂಡು ಇರಲಿಲ್ಲ.

"ಚೆಟ್, ಅದನ್ನ ಇಲ್ಲಿ ಕೊಡು," ಎಂದಳು ಪಾಲೀನ್. "ನಂದು ಸಾಲಲ್ಲ."

"ನಿನ್ನ ಡಬ್ಬ ತುಂಬಿದೆಯಲ್ಲೇ!"

"ಅದು ಹಳೇದು. ನಂಗೆ ಹೊಸದು ಬೇಕು."

"ನೋಡ್ರಪ್ಪಾ, ಗಂಡ ಮಾಡಿದ ಅಡುಗೇಲಿ ಯಾರಿಗೂ ಪಾಲು ಕೊಡಲ್ಲ ಇವಳು! ಸರಿ, ಹೊಡಿ. ನಿಂದು ಆದ ಮೇಲೆ ಉಳಿದದ್ದು ನಂಗೆ."

ಚೆಟ್ ಅವಳ ಬೆನ್ನಿಗೇ ಬಂದು ನಿಂತ. ಎಲ್ಲರ ಕಣ್ಣೂ ಅವಳ ಮೇಲೆ. ಹಿಂದಿನ ಬೆಂಚಿನಲ್ಲಿ ಎಮಿಲ್ ನಗುತ್ತಿದ್ದ. ಒಂದು ಮಾತು ಹೇಳಿದರೆ ಸಾಕಿತ್ತು. ಆ ಮಾತು ಎಮಿಲನ ಮೇಜನ್ನೂ, ಮೇಜಿನ ಮುಂದೆ ಕೂತಿದ್ದ ಎಮಿಲನನ್ನೂ ಒಟ್ಟಿಗೆ ಮುಗಿಸುತ್ತಿತ್ತು. ಪಾಲೀನ್ ರಿವಾಲ್ವರಿಗೆ ಗಂಡನ ತೋಟಾಗಳನ್ನು ತುಂಬಿದಳು. ಒಂದೊಂದನ್ನೂ ಅಂಗೈಯಲ್ಲಿ ತೂಗಿ ನೋಡಿದಳು. ಖಾಲಿಯದಕ್ಕೂ ತುಂಬಿದ್ದಕ್ಕೂ ಇರುವ ವ್ಯತ್ಯಾಸ ಒಂದು ಚಿಟಿಕೆ ಉಪ್ಪಿನದು, ಅಂಗೈಗೆ ಅದೆಲ್ಲಿ ತಿಳಿಯಬೇಕು?

ಢಂ. ಗುರಿಯ ನಡುವಿಗೇ ಬಿತ್ತು. ಢಂ. ಅದೂ ನಡುವಿಗೆ. ದೇವರೇ, ಇವತ್ತೊಂದು ದಿನ.

ಟುಸ್.

ಈಗ ಕೆಳಗಿಟ್ಟರೆ ಎಲ್ಲರಿಗೂ ತಿಳಿಯುತ್ತದೆ. ಇನ್ನೊಂದು ಒತ್ತಿದರೆ ಬೆರಳುಗಳು ಹೋಗುತ್ತವೆ. ಬಂದೂಕನ್ನು ಬಲ್ಲವರಿಗೆ ಇದರಲ್ಲಿ ಯೋಚಿಸುವುದು ಏನೂ ಇಲ್ಲ, ಪಾಲೀನ್ ಬಲ್ಲವಳೇ. ಆದರೂ ಅವಳು ಯೋಚಿಸಿದಳು. ಹಳೆಯ ರಿವಾಲ್ವರು, ಅದರದೇ ತಪ್ಪೆಂದು ಜನ ಅಂದುಕೊಂಡಾರು. ಅವಳ ಬೆರಳು ಟ್ರಿಗರಿನ ಮೇಲೆ ಮೆಲ್ಲಗೆ ಬಿಗಿಯಿತು.

"ನಿಲ್ಸಿ! ಎಲ್ಲಾ ನಿಲ್ಸಿ!"

ಬೆಂಚಿನ ಮೇಲಿನ ಮುದುಕನ ದನಿಯಲ್ಲ ಅದು. ಇದೇ ಮೈದಾನವನ್ನು ವರ್ಷಗಟ್ಟಲೆ ಆಳಿದವನ ದನಿ. ಎಲ್ಲರ ಬಂದೂಕೂ ಕೆಳಗಿಳಿಯಿತು. ಎಮಿಲ್ ಕೋಲಿಲ್ಲದೆ ನಡೆದು ಬಂದು ಹೆಂಡತಿಯ ಬೆರಳನ್ನು ಮೊದಲು ಬಿಡಿಸಿದ, ಆಮೇಲೆ ರಿವಾಲ್ವರನ್ನು ತೆಗೆದುಕೊಂಡ.

"ನಿನ್ನ ಕೈ ಎಗರಲಿಲ್ಲ," ಎಂದ. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದ: "ಗುಂಡು ನಳಿಗೇಲಿ ಕೂತಿದೆ. ಒಳಗೆ ಮದ್ದಿರಲಿಲ್ಲ. ತುಂಬಿದೋನು ನಾನು."

ಚೆಟ್ ಗಂಟಲು ಸರಿಮಾಡಿಕೊಂಡ. "ಅಯ್ಯೋ, ಎಲ್ಲರಿಗೂ ಒಂದಲ್ಲ ಒಂದಿನ..."

"ಎಲ್ಲರ ಮಾತು ಬೇಡ ಕಣೋ. ಶನಿವಾರ ಎಲ್ಲರೂ ಸುತ್ತಿಗೆ ತಗೊಂಡು ಮನೆಗೆ ಬನ್ನಿ."

"ಅದು ಸತ್ತವರಿಗೆ ಮಾಡೋದು, ಎಮಿಲ್."

"ಗೊತ್ತು. ಆಗ ಮೊದಲ ಏಟು ಹಾಕೋಕೆ ನಾನಿರಲ್ಲವಲ್ಲ."

ಶನಿವಾರ ಬಂದರು. ಬಾಗಿಲಲ್ಲಿ ಟೋಪಿ ತೆಗೆಯುವುದೋ ಬೇಡವೋ ತಿಳಿಯದೆ ಕೆಲವರು ಅರ್ಧ ಎತ್ತಿ ನಿಂತರು. ಕಿಲ್ಬಾಸಿ ತಂದಿದ್ದರು, ಬಿಯರು ತಂದಿದ್ದರು, ಹೇಳಲು ಮಾತು ಮಾತ್ರ ತಂದಿರಲಿಲ್ಲ. ನೆಲಮಾಳಿಗೆಯಲ್ಲಿ ಎಮಿಲ್ ಮೊದಲ ಏಟು ಹಾಕಿದ. ಆಮೇಲೆ ಎಲ್ಲರೂ ಕುಟ್ಟತೊಡಗಿದರು. ಮುಚ್ಚಿಹೋದ ಕಲ್ಲಿದ್ದಲ ಗಣಿ ಮತ್ತೆ ಶುರುವಾಯಿತೆಂದು ಗೋರಿಯೊಳಗಿನ ಗಣಿಗಾರರು ಎದ್ದು ಊಟದ ಡಬ್ಬಿ ಹುಡುಕುವಷ್ಟು ಶಬ್ದ. ಪಾಲೀನ್ ಮೆಟ್ಟಿಲ ಮೇಲೆ ನಿಂತು ನೋಡಿದಳು. ತಾನೊಬ್ಬಳೇ ಕದ್ದು ಮಾಡುತ್ತಿದ್ದ ಕೆಲಸವನ್ನು ಊರೇ ಕೂತು ಮಾಡುತ್ತಿತ್ತು. ಅವಳ ತೋಳಿಗೆ ಅದರಿಂದ ಹಗುರವೇನೂ ಆಗಲಿಲ್ಲ.

ನಡುವೆ ಎಮಿಲ್ ತಲೆಯೆತ್ತಿ ಸುತ್ತ ನೋಡಿದ. ಸುತ್ತಿಗೆಗಳನ್ನು ನೋಡಿದ, ಕಿಲ್ಬಾಸಿ ತಟ್ಟೆ ನೋಡಿದ.

"ಯಾರು ಹೋದದ್ದು?" ಎಂದು ಮೆಲ್ಲಗೆ ಕೇಳಿದ.

ಚೆಟ್‌ನ ಸುತ್ತಿಗೆ ಗಾಳಿಯಲ್ಲೇ ನಿಂತಿತು. ತಮಾಷೆಗೆ ಕೇಳಿದನೋ ನಿಜಕ್ಕೇ ಕೇಳಿದನೋ, ಇಷ್ಟು ವರ್ಷ ಅವನೊಂದಿಗೆ ಬಾಳಿದ ಪಾಲೀನಳಿಗೂ ತಿಳಿಯಲಿಲ್ಲ.

"ಒಳ್ಳೇ ಮನುಷ್ಯನೇ ಇರಬೇಕು," ಎಂದ ಎಮಿಲ್. "ಇಷ್ಟು ಜನ ಬಂದಿದೀರಿ."

ಕೊನೆಗೆ ಚೆಟ್ ಬೋಲ್ಟು ಬಿಚ್ಚಿ ಪ್ರೆಸ್ಸನ್ನು ಎತ್ತಿಕೊಂಡು ಹೋದ. ಮೇಜಿನ ಮೇಲೆ ಬೋಲ್ಟಿನ ತೂತುಗಳು ಉಳಿದವು. ಎಮಿಲ್ ಒಂದೊಂದು ತೂತಿಗೂ ಬೆರಳಿಟ್ಟು ನೋಡಿ, ನಿಧಾನವಾಗಿ ಮೆಟ್ಟಿಲು ಹತ್ತಿ ಅಡುಗೆಮನೆಗೆ ಬಂದ.

ಪಾಲೀನ್ ಹಂದಿ ಮಾಂಸ ಬಡಿಯುತ್ತಿದ್ದಳು. ಈ ಸಲ ನಿಜವಾಗಿ. ಮಾಂಸ ಹಲಗೆಯ ಅಂಚಿನ ತನಕ ತೆಳ್ಳಗೆ ಹರಡಿತ್ತು, ಅವಳು ನಿಲ್ಲಿಸಿರಲಿಲ್ಲ. ಎಮಿಲ್ ಕುರ್ಚಿ ಎಳೆದು ಕೂತ. ಅವನ ಕಣ್ಣುಗಳು ತಿಳಿಯಾಗಿದ್ದವು. ಆ ತಿಳಿ ಎಷ್ಟು ಹೊತ್ತು ಇದ್ದೀತೆಂದು ಅವಳಿಗೆ ಗೊತ್ತಿರಲಿಲ್ಲ. ಆದ್ದರಿಂದ ತಡಮಾಡದೆ ಕೇಳಿದಳು.

"ಚೆಟ್‌ಗೆ ಯಾಕೋ ಕೊಟ್ಟೆ ಆ ಡಬ್ಬಾನ?"

"ನಿನ್ನ ಅಂಗಡಿ ತೋಟಾ ಅಂದ್ಕೊಂಡೆ. ನೀಲಿ ಬ್ಯಾಂಡ್ ಇದೆಯಾ ಅಂತ ಮುಟ್ಟಿ ನೋಡೋದು ಮರೆತುಹೋಯ್ತು."

ಸುತ್ತಿಗೆ ಅವಳ ಕೈಯಿಂದ ಹಲಗೆಗೆ ಬಿತ್ತು.

"ನಿಂಗೆ ಗೊತ್ತಿತ್ತಾ? ಯಾವಾಗಿಂದ?"

"ನಮ್ಮಮ್ಮ ಬಡಿದ ರೆಜೆನ್ ಹಿಡ್ಕೊಂಡು ಆಚೆ ಕಡೆ ಪೇಪರು ಓದಬಹುದಿತ್ತು ಕಣೇ. ನೀನು ಬಾಗಿಲು ಹಾಕ್ಕೊಂಡು ಮಧ್ಯಾಹ್ನವೆಲ್ಲಾ ಬಡೀತಿದ್ದೆ, ತಟ್ಟೆಗೆ ಬರ್ತಿದ್ದದ್ದು ಬೂಟಿನ ಅಟ್ಟೆ. ನಮ್ಮಿಬ್ಬರಲ್ಲಿ ಒಬ್ಬರಿಗೆ ಕೈಕಸುಬು ಮರೆತುಹೋಗಿದೆ ಅಂತ ಅವತ್ತೇ ಗೊತ್ತಾಯ್ತು. ಅದು ನೀನೇ ಆಗಿರಲಪ್ಪಾ ಅಂತ ದೇವರನ್ನ ಎಷ್ಟು ಬೇಡ್ಕೊಂಡೆ ಗೊತ್ತಾ!"